ಮಂಜಿನ ಮುಂದೆ ಇಳಿಬಿಟ್ಟ ಕಡಲತೀರ

ಹಡಗಿನ ಒಂಬತ್ತನೇ ಅಂತಸ್ತು, ಮುಂಭಾಗದ ಗಾಜಿನ ಹಜಾರ
ಹದಿನೇಳನೇ ತಾರೀಖು, ಗುರುವಾರ, ಮಧ್ಯಾಹ್ನದ ಚಹಾ ಮುಗಿದ ಮೇಲೆ

ಪ್ರೀತಿಯ ಅಕ್ಕಾ,

ಮೊದಲು ಮಂಡಿಯ ಸಮಾಚಾರ ಹೇಳು. ಎಡಗಡೆಯದು ಮೆಟ್ಟಿಲು ಹತ್ತುವಾಗ ಕಟಕಟ ಎನ್ನುವುದು ನಿಂತಿತೇ, ಇಲ್ಲ ಬಲಗಡೆಯದೂ ಮೇಳಕ್ಕೆ ಸೇರಿಕೊಂಡಿತೇ? ರಕ್ತದೊತ್ತಡದ ಮಾತ್ರೆ ನುಂಗಿದ್ದೀಯಾ? ನುಂಗಿಲ್ಲವಾದರೆ ಈ ಕಾಗದ ಮಡಚಿಟ್ಟು, ಮಾತ್ರೆ ನುಂಗಿ, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಕೂತು ಮುಂದೆ ಓದು. ಕೈಗೆಟುಕುವ ದೂರದಲ್ಲಿ ಲಟ್ಟಣಿಗೆಯಂಥ ಆಯುಧಗಳು ಬೇಡ. ನಾನಂತೂ ಗುಂಡುಕಲ್ಲಿನ ಹಾಗಿದ್ದೇನೆ. ಗಂಟಲೂ ಹಾಗೇ ಇದೆ. ಹಡಗಿನವರು ನನ್ನನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟು ‘ಎರಡನೇ ಸೈರನ್’ ಎಂದೇ ಕರೆಯುತ್ತಾರೆ.

ನಿನ್ನ ಹಿಂದಿನ ಕಾಗದದ ಎರಡನೇ ಪುಟಕ್ಕೆ ಬರುತ್ತೇನೆ. ಅಪ್ಪನ ನಾಟಕ ಕಂಪನಿಯಲ್ಲಿ ಉಳಿದಿದ್ದ ಒಂದೇ ಒಂದು ಪರದೆ, ಹತ್ತೊಂಬತ್ತನೇ ವಯಸ್ಸಿನಲ್ಲಿ ನೀನು ಬಿಡಿಸಿದ ಆ ಕಡಲತೀರದ ಪರದೆ, ಟ್ರಂಕಿನಿಂದ ಮಾಯವಾಗಿದೆ ಎಂದು ಬರೆದಿದ್ದೆ. ಸ್ಕೂಟರ್ ಸೀಟಿಗೆ ಹೊದಿಕೆ ಹೊಲಿಯುವ ಭಾವ ಅದನ್ನು ಕತ್ತರಿಸಿ ಸೀಟುಗಳಿಗೆ ಹಾಕಿಬಿಟ್ಟಿದ್ದಾರೆ, ಆದ್ದರಿಂದ ಅವರ ಜತೆ ಮಾತು ಬಿಟ್ಟು ನಾಲ್ಕು ತಿಂಗಳಾಯಿತು ಎಂದೂ ಬರೆದಿದ್ದೆ. “ನಾನು ಕೈಯಾರೆ ಬಿಡಿಸಿದ ಸಮುದ್ರದ ಮೇಲೆ ಊರಿನವರೆಲ್ಲ ಕೂತು ಆಫೀಸಿಗೆ ಹೋಗ್ತಿದಾರೆ ಕಣೋ!” ಎಂಬ ಸಾಲು ಓದಿ ನನಗೆ ನಗು ಬಂತು. ಅದರ ಮುಂದಿನ ಸಾಲಿನಲ್ಲಿ ನೀನು ಬೀದಿಯಲ್ಲಿ ನಿಲ್ಲಿಸಿದ ಸ್ಕೂಟರುಗಳ ಸೀಟು ಎತ್ತಿ, ಒಳಮೈಯಲ್ಲಿ ನೀಲಿ ಬಣ್ಣ ಇದೆಯೇ ಎಂದು ನೋಡಿಕೊಂಡು ಬರುತ್ತಿದ್ದೀ ಎಂದು ಓದಿದಾಗ ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡೆ. ಭಾವ “ನಾನಲ್ಲ ಕಣೇ” ಎಂದು ಒಂದು ಸಲ ಹೇಳಿ ಸುಮ್ಮನಾದರಂತೆ. ಅವರು ಯಾವಾಗ ಎರಡು ಸಲ ಹೇಳಿದ್ದಾರೆ?

ಅಕ್ಕಾ! ನಗಾರಿ ಬಾರಿಸಲಿ, ದೀಪಗಳೆಲ್ಲ ನನ್ನ ಮುಖದ ಮೇಲೆ ಬೀಳಲಿ! ಕಳ್ಳ ಭಾವ ಅಲ್ಲ. ಕಳ್ಳ ನಿನ್ನ ಒಡಹುಟ್ಟಿದ ತಮ್ಮ. ಪರದೆ ನನ್ನ ಹತ್ತಿರ ಇದೆ. ಕಳೆದ ರಜೆಯಲ್ಲಿ ಹೊರಡುವಾಗ “ಹಾಸಿಗೆ ಸುರುಳಿ ಇಷ್ಟು ದಪ್ಪ ಯಾಕೋ?” ಎಂದು ನೀನು ಕೇಳಿದೆಯಲ್ಲ, “ಹಡಗಿನಲ್ಲಿ ಚಳಿ” ಎಂದೆನಲ್ಲ, ಆ ಚಳಿ ಅದೇ. ಕೇಳಿಯೇ ಒಯ್ಯೋಣ ಎಂದು ನಾಲ್ಕು ಸಲ ನಿನ್ನ ಮುಂದೆ ಬಂದು ನಿಂತಿದ್ದೆ. ನಾಲ್ಕು ಸಲವೂ ನೀನು ಬೇರೆ ಯಾವುದಕ್ಕೋ ಗದರುತ್ತಿದ್ದೆ; ಈ ಭೂಮಿಯ ಮೇಲೆ ನನ್ನ ದನಿಯನ್ನು ಮುಳುಗಿಸಬಲ್ಲ ದನಿ ನಿನ್ನದೊಂದೇ. ಆಮೇಲೆ ನಿಜ ಹೇಳಲೆಂದು ಮೂರು ಕಾಗದ ಶುರುಮಾಡಿದೆ. ಸಾವಿರ ಸಾಲಿನ ಪಾತ್ರವನ್ನು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದವನಿಗೆ ‘ಪ್ರೀತಿಯ ಅಕ್ಕಾ’ ಆದಮೇಲೆ ಮುಂದಿನ ಮಾತೇ ಹೊಳೆಯಲಿಲ್ಲ.

ಯಾಕೆ ಒಯ್ದೆ ಎಂದು ಕೇಳುತ್ತೀಯ. ಆಗ ನಮ್ಮ ಹಡಗನ್ನು ದುರಸ್ತಿಗೆ ಕಟ್ಟೆಗೆ ಹತ್ತಿಸಿದ್ದರು. ಹಳೇ ಹಡಗು ಹೊಸದಾಗುತ್ತದೆ ಎಂದರೆ ನಾವೆಲ್ಲ ಸುಣ್ಣ ಬಣ್ಣ ಎಂದುಕೊಂಡಿದ್ದೆವು. ಹೊಟ್ಟೆಯನ್ನೇ ಬಗೆದುಬಿಟ್ಟರು! ಮುನ್ನೂರು ಕುರ್ಚಿಗಳ ನಾಟಕಶಾಲೆ ಇತ್ತಲ್ಲ, ನಾನು ಹನ್ನೊಂದು ವರ್ಷ ತೆರೆ ಎಳೆದ ರಂಗಮಂದಿರ, ಅದರಲ್ಲಿ ಅರ್ಧ ಈಗ ಐಸ್‌ಕ್ರೀಂ ಅಂಗಡಿ. ಇನ್ನರ್ಧದಲ್ಲಿ ಜನ ಓಡುವ ಪಟ್ಟಿಯ ಮೇಲೆ ನಿಂತು, ಎಲ್ಲಿಗೂ ಹೋಗದೆ ಬೆವರುತ್ತಾರೆ. ಅದರ ಬದಲಿಗೆ ಹಡಗಿನ ಮೂಗಿನ ತುದಿಯಲ್ಲಿ ಈ ಗಾಜಿನ ಹಜಾರ ಕಟ್ಟಿದರು: ನೆಲದಿಂದ ಚಾವಣಿಯವರೆಗೆ ಹದಿನಾರು ಗಾಜು, ನಲವತ್ತು ತಿರುಗುವ ಕುರ್ಚಿ, ಮಧ್ಯದಲ್ಲಿ ದುಂಡನೆಯ ಕಟ್ಟೆ, ಅದರ ಮೇಲೆ ಚಕ್ರದ ಪಿಯಾನೋ. ಜನ ಕೂತು ಸಮುದ್ರ ನೋಡಬೇಕು, ಅಷ್ಟೇ ಮನರಂಜನೆ. ನಮ್ಮ ಮನರಂಜನಾ ಮೇಡಂ ಮೊದಲ ದಿನವೇ ನನ್ನನ್ನು ಕರೆದು, “ಇಲ್ಲಿ ಪ್ರಕೃತಿಯೇ ಪ್ರದರ್ಶನ. ನಿಮ್ಮ ಕೆಲಸ ಏನಾದ್ರೂ ಕಂಡ್ರೆ ಮೆಲ್ಲಗೆ ಹೇಳೋದು, ಅಷ್ಟೇ” ಎಂದರು. ಮೆಲ್ಲಗೆ! ಮರುದಿನ ಒಂದು ಡಾಲ್ಫಿನ್ ಕಂಡಿತು. ನಾನು ಮೆಲ್ಲಗೇ ಹೇಳಿದೆ. ಇಬ್ಬರ ಕೈಯಿಂದ ಕಾಫಿ ಚೆಲ್ಲಿತು, ಡಾಲ್ಫಿನ್ ಮತ್ತೆ ಮೇಲೆ ಬರಲಿಲ್ಲ.

ನಾಟಕಶಾಲೆ ಒಡೆಯುತ್ತಾರೆಂದು ತಿಳಿದಾಗಲೇ ನನಗೆ ಕೈಕಾಲು ಮುರಿದಂತಾಗಿತ್ತು. ಬೆನ್ನ ಹಿಂದೆ ಒಂದು ಪರದೆಯೂ ಇಲ್ಲದೆ ಬದುಕುವುದು ಹೇಗೆ? ಅದಕ್ಕೇ ಒಯ್ದೆ. ನನ್ನ ಕೋಣೆ ಎಷ್ಟು ಚಿಕ್ಕದೆಂದರೆ ಪರದೆಯನ್ನು ಮಲಗಿಸಿದರೆ ನಾನು ನಿಲ್ಲಬೇಕು, ನಾನು ಮಲಗಿದರೆ ಅದು ನಿಲ್ಲಬೇಕು. ಐದು ತಿಂಗಳು ಸರದಿಯ ಮೇಲೆ ಸಂಸಾರ ಮಾಡಿದೆವು.

ಈಗ ಮುಖ್ಯ ಅಂಕ. ಕಳೆದ ವಾರ ನಾಲ್ಕು ದಿನ ಮಂಜು ಕವಿಯಿತು. ಎಂಥ ಮಂಜು ಎನ್ನುತ್ತೀ, ಹಡಗಿನ ಮೂತಿ ಹಡಗಿಗೇ ಕಾಣುತ್ತಿರಲಿಲ್ಲ. ಹದಿನಾರು ಗಾಜಿನಲ್ಲೂ ಹಾಲು ಬಳಿದಂತೆ ಬರೀ ಬಿಳಿ. ನೋಟಕ್ಕೆಂದೇ ಬಂದ ಜನ ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ಕೂತವರ ಹಾಗೆ ಸಾಲಾಗಿ ಕೂತರು. ಮೇಡಂ ಕರವಸ್ತ್ರದಲ್ಲಿ ಹಕ್ಕಿ ಮಡಚುವುದನ್ನು ಕಲಿಸಿದರು. ಮೂರನೇ ದಿನದ ಹೊತ್ತಿಗೆ ಹಜಾರದಲ್ಲಿ ನೂರಾರು ಹಕ್ಕಿಗಳಿದ್ದವು, ಮೂಗೊರೆಸಲು ಒಂದೂ ಕರವಸ್ತ್ರ ಇರಲಿಲ್ಲ. ಮೊದಲ ಸಾಲಿನ ಅಜ್ಜಿಯೊಬ್ಬರು ನೆಲ ಒರೆಸುವವನನ್ನು ಕರೆದು “ಆ ಗಾಜು ಸ್ವಲ್ಪ ಒರೆಸಪ್ಪಾ” ಎಂದರು. ಒರೆಸಿದ. “ಹೊರಗಿಂದ ಒರೆಸು.” ಅವನು ಪಾಪ ಹಗ್ಗ ಕಟ್ಟಿಕೊಂಡು ಹೊರಗೆ ಹೋಗಿ ಒರೆಸಿ ಬಂದ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿ, “ಇನ್ನೂ ಸ್ವಲ್ಪ ಆಚೆಯಿಂದ ಒರೆಸಬೇಕಪ್ಪಾ” ಎಂದರು.

ಅಪ್ಪ ಏನು ಹೇಳುತ್ತಿದ್ದರು? ರಂಗದ ಹಿಂಭಾಗ ಒಂದು ನಿಮಿಷವೂ ಖಾಲಿ ಬಿಡಕೂಡದು, ಹಿಂದೆ ಏನಿಲ್ಲದಿದ್ದರೆ ಅರಮನೆಯಾದರೂ ಇಳಿಬಿಡು, ಕಾಡಾದರೂ ಇಳಿಬಿಡು! ಅರಸನ ಅಂತಃಪುರದ ಪರದೆ ಹರಿದಾಗ ಸೆರೆಮನೆಯ ಪರದೆ ಬಿಟ್ಟು, ರಾಣಿಯನ್ನು ಕಂಬಿಯ ಮುಂದೆ ನಿಲ್ಲಿಸಿ ಹಾಡಿಸಿದ ಮನುಷ್ಯ. ಆ ರಕ್ತ ನನ್ನದು. ಖಾಲಿ ಬಿಳುಪನ್ನು ಮೂರು ದಿನ ನೋಡಿದ ಮೇಲೆ ಬುದ್ಧಿಯನ್ನು ಕೇಳದೆ ಕೈಯೇ ಎದ್ದಿತು. ನಾಲ್ಕನೇ ದಿನ ಬೆಳಿಗ್ಗೆ, ಜನ ತಿಂಡಿಗೆ ಹೋಗಿದ್ದಾಗ, ಹಡಗಿನ ಬಡಗಿಯನ್ನು ಪುಸಲಾಯಿಸಿ ಕರೆದುತಂದು, ನಡುವಿನ ಐದು ಗಾಜುಗಳ ಮೇಲಿನ ಸರಳಿಗೆ ನಿನ್ನ ಕಡಲತೀರವನ್ನು ಇಳಿಬಿಟ್ಟೆ.

ಅಕ್ಕಾ, ಅದನ್ನು ನೀನು ನೋಡಬೇಕಿತ್ತು! ಕಂಪನಿಯಲ್ಲಿ ನಾವು ಯಾವಾಗಲೂ ಮುಂದಿನಿಂದ ದೀಪ ಬಿಟ್ಟವರು. ಇಲ್ಲಿ ಮಂಜಿನ ಬೆಳಕು ಹಿಂದಿನಿಂದ ಬಂತು. ಬಟ್ಟೆ ಸವೆದು ತೆಳ್ಳಗಾಗಿದೆಯಲ್ಲ, ಬಣ್ಣದೊಳಗಿಂದ ಬೆಳಕು ಹಾಯ್ದು ನೀರು ಅಲುಗಿದಂತಾಯಿತು. ದೀಪಸ್ತಂಭದ ಪಕ್ಕದ ಬಿಳಿ ಮನೆಯ ಕಿಟಕಿ ನಿಜವಾಗಿ ಹೊತ್ತಿಕೊಂಡಿತು. ತಿಂಡಿ ಮುಗಿಸಿ ಬಂದ ಜನ ಬಾಗಿಲಲ್ಲೇ ನಿಂತರು. ಬಟ್ಟೆ ಎಂದು ಎಲ್ಲರಿಗೂ ಗೊತ್ತು. ಆದರೂ ಒಬ್ಬೊಬ್ಬರಾಗಿ ಬಂದು ಕುರ್ಚಿಯನ್ನು ಅದರತ್ತ ತಿರುಗಿಸಿಕೊಂಡು ಕೂತರು. ಅಜ್ಜಿ ಮಾತ್ರ ನೆಲ ಒರೆಸುವವನ ಬೆನ್ನು ತಟ್ಟಿ “ಈಗ ನೋಡು, ಈಗ ಸರಿಯಾಗಿ ಒರೆಸಿದ್ದೀಯ” ಎಂದರು.

ಮೂಲೆಯ ಕುರ್ಚಿಯಲ್ಲಿ ಒಬ್ಬರು ನಿವೃತ್ತ ಕಪ್ತಾನರು ಟೊಪ್ಪಿಯನ್ನು ಮುಖದ ಮೇಲಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದರು. ನಲವತ್ತು ವರ್ಷ ಹಡಗು ನಡೆಸಿ, ಈಗ ಪ್ರಯಾಣಿಕರಾಗಿ ಬಂದವರು. ಪರದೆ ಇಳಿಬಿಡುವಾಗ ಅವರನ್ನು ಎಬ್ಬಿಸಿ ಹೇಳಬೇಕೆಂದು ನನಗೆ ತೋಚಲಿಲ್ಲ. ನಾಟಕ ನೋಡಲು ಬಂದವನು ಪರದೆಯನ್ನು ಪರದೆ ಎಂದು ತಿಳಿದೇ ಬಂದಿರುತ್ತಾನೆ ಎಂಬ ನಂಬಿಕೆಯಲ್ಲಿ ಬೆಳೆದವನು ನಾನು. ಹನ್ನೊಂದು ಗಂಟೆಗೆ ಅವರ ಟೊಪ್ಪಿ ಜಾರಿತು. ಕಣ್ಣು ಬಿಟ್ಟರು. ಎದುರಿಗೆ, ಮಂಜಿನ ನಡುವೆ, ನೂರು ಮಾರು ದೂರದಲ್ಲಿ ಬಂಡೆ, ದೀಪಸ್ತಂಭ, ಮನೆ!

ಒಂದೇ ನೆಗೆತಕ್ಕೆ ಎದ್ದು, ಕಂಬದ ಮೇಲಿನ ಕೆಂಪು ಫೋನು ಕಿತ್ತುಕೊಂಡು, “ಎಡಕ್ಕೆ! ಪೂರ್ತಿ ಎಡಕ್ಕೆ! ಮುಂದೆ ನೆಲ ಇದೆ, ಕುರುಡರಾ!” ಎಂದು ಗರ್ಜಿಸಿದರು. ಮೇಲಿನ ಚುಕ್ಕಾಣಿ ಕೋಣೆಯಲ್ಲಿದ್ದವನ ಕೈ ಆ ದನಿಗೆ ಯೋಚಿಸದೆ ಶರಣಾಯಿತು. ಹಡಗು ವಾಲಿತು! ಬಟ್ಟಲುಗಳು ಮೆರವಣಿಗೆ ಹೊರಟವು, ತಿರುಗುವ ಕುರ್ಚಿಗಳು ಜನರ ಸಮೇತ ಗಿರಗಿರ ತಿರುಗಿದವು. ಕಟ್ಟೆಯಿಂದ ಜಾರಿದ ಪಿಯಾನೋ, ಚಕ್ರದ ಸ್ಟೂಲಿನ ಮೇಲೆ ಅದನ್ನು ಬಿಡದೆ ಹಿಂಬಾಲಿಸಿದ, ಅದನ್ನು ನುಡಿಸುವ ತಾತ, ಇಬ್ಬರೂ ಹಜಾರದ ಈ ತುದಿಯಿಂದ ಆ ತುದಿಗೆ ಹೋದರು. ಹಾಡು ಮಾತ್ರ ಎಲ್ಲೂ ನಿಲ್ಲಲಿಲ್ಲ. ಯಾರಿಗೂ ಪೆಟ್ಟಾಗಲಿಲ್ಲ, ದೇವರು ದೊಡ್ಡವನು. ನಾನು ಬೀಳದಿರಲೆಂದು ಪರದೆ ಹಿಡಿದೆ. ಪರ್‌ರ್ ಎಂದು ಮೇಲಿನ ಅಂಚು ಹರಿಯಿತು. ಯಾರದೋ ಒಂದು ಕೆಟಲ್ ಚಹಾ ನಿನ್ನ ಸಮುದ್ರದ ಕೆಳಭಾಗಕ್ಕೆ ಚೆಲ್ಲಿತು.

ಹಡಗಿನ ಕಪ್ತಾನರು ಇಳಿದು ಬಂದರು. ಸಣ್ಣ ಮನುಷ್ಯ, ಮಾತು ಕಡಿಮೆ. ಪರದೆಯನ್ನು ಮೇಲಿಂದ ಕೆಳಗೆ ನೋಡಿ, “ಯಾರದಿದು?” ಎಂದರು. ನಾನು ಎದೆ ಸೆಟೆಸಿ “ನಮ್ಮಕ್ಕನದು!” ಎಂದೆ. ಗಾಜುಗಳು ಗಡಗಡ ಎಂದವು. ಮೇಡಂ ಹಣೆ ಚಚ್ಚಿಕೊಂಡರು. ಮುಂದಿನ ಬಂದರಿನಲ್ಲಿ ನನ್ನನ್ನೂ ನನ್ನ ಸುರುಳಿಯನ್ನೂ ಇಳಿಸಿಬಿಡುತ್ತಾರೆ ಎಂದು ಖಚಿತವಾಗಿತ್ತು. ಅಷ್ಟರಲ್ಲಿ ನಿವೃತ್ತ ಕಪ್ತಾನರು ಪರದೆಯ ಹತ್ತಿರ ಹೋಗಿ ಮೂಗು ತಾಗಿಸಿ ನೋಡಿ, “ಈ ಜಾಗ ನನಗೆ ಗೊತ್ತು. ಮೂವತ್ತು ವರ್ಷದ ಹಿಂದೆ ಇಲ್ಲೇ ಲಂಗರು ಹಾಕಿದ್ದೆ. ಚಹಾ ಬಿದ್ದಿದೆಯಲ್ಲ, ಅದೂ ಸರಿಯೇ, ನದಿ ಬಂದು ಸೇರೋ ಕಡೆ ನೀರು ಇದೇ ಬಣ್ಣ ಇರತ್ತೆ” ಎಂದರು. ನಾನು ತಡೆಯಲಾರದೆ ಹೇಳಿಬಿಟ್ಟೆ: “ಸ್ವಾಮೀ, ನಮ್ಮಕ್ಕ ಸಮುದ್ರವನ್ನೇ ನೋಡಿಲ್ಲ. ಕೆರೆ ನೋಡಿಕೊಂಡು ಬಿಡಿಸಿ, ಆಚೆ ದಡವನ್ನು ಒರೆಸಿಹಾಕಿದಳು.” ಅವರು ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. “ಹಾಗಾದ್ರೆ ಆ ಹೆಣ್ಣುಮಗಳನ್ನ ಇನ್ನೂ ಯಾಕಯ್ಯಾ ದಡದಲ್ಲಿ ಬಿಟ್ಟಿದ್ದೀಯಾ?” ಎಂದರು.

ತೀರ್ಪು ಹೀಗಾಯಿತು. ನನ್ನ ಕೆಲಸ ಉಳಿಯಿತು, ಆದರೆ ಒಂದು ತಿಂಗಳು ಹಜಾರದಲ್ಲಿ ಪಿಸುಮಾತಿನಲ್ಲೇ ಮಾತಾಡಬೇಕು. ನನ್ನ ಪಿಸುಮಾತು ಹಿಂದಿನ ಬೆಂಚಿಗೂ ಕೇಳಬೇಕೆಂದು ಅಪ್ಪ ಕಲಿಸಿದ್ದು, ಅದನ್ನು ಇವರಿಗೆ ಇನ್ನೂ ಹೇಳಿಲ್ಲ. ಗಾಜಿಗೆ ಇನ್ನು ಪರದೆ ಕಟ್ಟಕೂಡದು. ಗಾಜಿನ ಎದುರಿನ ಗೋಡೆಯನ್ನು ದುರಸ್ತಿಯವರು ಬೂದು ಬಳಿದು ಬೋಳಾಗಿ ಬಿಟ್ಟಿದ್ದಾರೆ. ಮಂಜು ಕವಿದ ದಿನ ಜನ ಕುರ್ಚಿ ತಿರುಗಿಸಿ ನೋಡಲಿ ಎಂದು ಅಲ್ಲಿಗೆ ಕಡಲತೀರ ತೂಗುಹಾಕುತ್ತಾರಂತೆ. ಆದರೆ ಬಣ್ಣ ಎದ್ದಿರುವುದನ್ನು ತಿದ್ದಲು ಬಿಡಿಸಿದವಳೇ ಬೇಕು, ಇದು ಹಡಗಿನ ಕಪ್ತಾನರ ಹಟ. ಹರಿದ ಅಂಚನ್ನು ಹಡಗಿನ ದರ್ಜಿ ಮುಟ್ಟಲಾರೆ ಎಂದ. ಅಷ್ಟು ದಪ್ಪ ಬಟ್ಟೆಗೆ ಹೋಗುವ ಸೂಜಿ ಸೀಟು ಹೊಲಿಯುವವರ ಹತ್ತಿರ ಮಾತ್ರ ಇರುತ್ತದಂತೆ. ಮುಂದಿನ ತಿಂಗಳು ಮೂರನೇ ತಾರೀಖು ಹಡಗು ನಮ್ಮ ಕಡೆಯ ಬಂದರಿನಿಂದ ಹೊರಡುತ್ತದೆ. ಕಿಟಕಿಯಿರುವ ಕೋಣೆ ಕೊಡುತ್ತಾರೆ, ಇಬ್ಬರಿಗೆ ಒಂದೇ ಕೋಣೆ. ನೀವಿಬ್ಬರೂ ಬರುತ್ತೀರಿ ಎಂದು ನಾನು ಹೇಳಿ ಆಗಿದೆ. ಮಾತಿಲ್ಲದೆ ಹನ್ನೆರಡು ದಿನ ಒಂದು ಕೋಣೆಯಲ್ಲಿರುವುದು ಹೇಗೆಂದು ನನ್ನನ್ನು ಕೇಳಬೇಡ. ನಾನು ಪರದೆಯ ಜತೆ ಐದು ತಿಂಗಳು ಇದ್ದೆ, ಅದು ಬಹಳ ಕಷ್ಟ. ಪರದೆ ಬೇಕೇಬೇಕು, ವಾಪಸು ಕೊಡು ಎಂದರೆ ಅದೇ ಬಂದರಿನಲ್ಲಿ ತಲೆಯ ಮೇಲೆ ಹೊತ್ತು ತಂದು ಒಪ್ಪಿಸುತ್ತೇನೆ. ಅದು ನಿನ್ನದು.

ನನಗೆ ಎಷ್ಟು ಬೈಯಬೇಕೋ ಬರೆದಿಟ್ಟುಕೋ, ಬಂದಾಗ ಒಟ್ಟಿಗೆ ಕೇಳುತ್ತೇನೆ. ನಿನ್ನ ಎರಡು ಮಂಡಿಗೂ ಬೇರೆಬೇರೆಯಾಗಿ ನಮಸ್ಕಾರ. ಬೀದಿಯ ಸ್ಕೂಟರಿನವರಿಗೆಲ್ಲ ನನ್ನ ಪರವಾಗಿ ಕ್ಷಮೆ ಕೇಳು.

ಇಂತಿ ನಿನ್ನ ಕಳ್ಳ ತಮ್ಮ,
ಎರಡನೇ ಸೈರನ್

ಪುನಶ್ಚ: ಅಂಚೆ ಚೀಲ ಕಟ್ಟುತ್ತಿದ್ದಾರೆ, ಬೇಗ ಹೇಳುತ್ತೇನೆ. ಈ ಕಾಗದ ನಿನ್ನ ಹೆಸರಿಗೆ ಹಾಕಿದರೆ ನೀನು ಓದಿ, ಭಾವನಿಗೆ ಆಮೇಲೆ ಹೇಳಿದರಾಯಿತು ಎಂದು ಅಡುಗೆಮನೆಯ ಯಾವುದೋ ಡಬ್ಬಿಯ ಅಡಿಯಲ್ಲಿ ಇಟ್ಟುಬಿಡುತ್ತೀ. ತಪ್ಪಾಯಿತು ಎನ್ನುವುದು ನಮ್ಮ ಮನೆತನಕ್ಕೇ ಬಾರದ ವಿದ್ಯೆ; ನನಗೆ ಅದು ಬರಲು ಒಂದು ಹಡಗು ವಾಲಬೇಕಾಯಿತು. ಅದಕ್ಕೇ ಲಕೋಟೆಯ ಮೇಲೆ ಭಾವನ ಹೆಸರು ಬರೆದಿದ್ದೇನೆ. ಅವರು ಎಲ್ಲ ಓದಿಕೊಂಡು, ಒಂದು ಮಾತೂ ಆಡದೆ, ಈ ಹಾಳೆಗಳನ್ನು ನಿನ್ನ ಮುಂದೆ ಇಟ್ಟಿರುತ್ತಾರೆ. ಈಗ ಎದುರಿಗೇ ಕೂತು ಸೂಜಿಗೆ ದಾರ ಪೋಣಿಸುತ್ತಿರುವಂತೆ ನಟಿಸುತ್ತಿರಬೇಕು. ಅವರಿಗೆ ನಟನೆ ಬರುವುದಿಲ್ಲ ಅಕ್ಕಾ. ಕಾಗದ ಕೆಳಗಿಟ್ಟು ತಲೆಯೆತ್ತು. ಮೊದಲ ಮಾತು ನಿನ್ನದು.