ಆರು ಮಾರ್ಕಿನ ಚರ್ಚು

ಆಕ್ಸ್‌ಫರ್ಡ್
ಸಂತ ಮಾರ್ಟಿನನ ಹಬ್ಬದ ಮರುದಿನ, ೧೨೯೧

ಪ್ರೀತಿಯ ಆಲ್ಡಿತ್ ಅಕ್ಕನಿಗೆ ತಮ್ಮ ವಾರಿನ್ ಮಾಡುವ ನಮಸ್ಕಾರಗಳು.

ಸುಗ್ಗಿಯ ಹೊತ್ತಿಗೇ ಬರೆಯಬೇಕಿತ್ತು, ಕ್ಷಮಿಸು. ಚರ್ಮದ ಹಾಳೆ ದುಬಾರಿ ಎನ್ನುವುದು ನೆಪ. ನನ್ನ ಪತ್ರವನ್ನು ನಿನಗೆ ಓದಿ ಹೇಳುವವರು ಆಸ್ಬರ್ಟ್ ಸ್ವಾಮಿ. ನಮ್ಮೂರ ಚರ್ಚು ಇರುವುದು ನನ್ನ ಹೆಸರಿನಲ್ಲಿ, ಪೂಜೆ ಮಾಡುವವರು ಅವರು, ಅದರ ಆದಾಯದಲ್ಲಿ ಇಲ್ಲಿ ಓದುವವನು ನಾನು. ಆ ನಾಚಿಕೆಗೇ ಬರೆಯಲಾಗಲಿಲ್ಲ.

ಇಲ್ಲಿ ಮೊದಲ ವರ್ಷದವರಿಗೆ ಬಾಗಿಲ ಪಕ್ಕದ ಹಾಸಿಗೆ, ಊಟಕ್ಕೆ ಅರ್ಧ ರೊಟ್ಟಿ. ಇಂಗ್ಲಿಷ್ ಬಾಯಿಗೆ ಬಂದರೆ ದಂಡ. ಲ್ಯಾಟಿನ್ ಇಲ್ಲವೇ ಫ್ರೆಂಚ್ ಮಾತ್ರ. ನಿದ್ದೆಯಲ್ಲಿ ನಾನು ಇಂಗ್ಲಿಷ್ ಬಡಬಡಿಸುತ್ತೇನಂತೆ. "ಏ ಅರ್ಧ ರೊಟ್ಟಿ, ನಿನ್ನೊಳಗಿರೋ ಹಳ್ಳಿಗನಿಗೆ ಬಾಯಿ ಮುಚ್ಕೊಂಡು ಮಲಗೋಕೆ ಹೇಳೋ," ಎಂದು ಪಕ್ಕದ ಜೋರ್ಡನ್ ಒದೆಯುತ್ತಾನೆ. ಈಗೀಗ ಮಲಗಲೇ ಹೆದರಿಕೆ.

ಈಗ ಸುದ್ದಿ. ಎಲ್ಲ ಚರ್ಚುಗಳೂ ಆದಾಯದ ಹತ್ತನೇ ಪಾಲನ್ನು ರಾಜನಿಗೆ ಕೊಡಬೇಕೆಂದು ಪೋಪರ ಅಪ್ಪಣೆಯಾಗಿದೆ. ವರ್ಷದ ಆದಾಯ ಆರು ಮಾರ್ಕು ಬೆಳ್ಳಿ ಹಣದೊಳಗಿರುವ ಬಡ ಚರ್ಚಿಗೆ ಮಾತ್ರ ವಿನಾಯಿತಿ. ನಮ್ಮದು ಆ ಅಂಚಿನಲ್ಲೇ ಇದೆ; ಅದರ ಬೆಲೆಗೆ ಪ್ರಮಾಣ ಮಾಡಬೇಕಾದವನು ನಾನು. ಹೋದ ತಿಂಗಳು ಆಸ್ಬರ್ಟ್ ಸ್ವಾಮಿ ಅದಕ್ಕೇ ಅಷ್ಟು ದೂರ ನಡೆದು ಬಂದಿದ್ದರು. ಅಮ್ಮ ಕೊಟ್ಟ ಉಣ್ಣೆಯ ಕಾಲ್ಚೀಲ ಕೈಗಿಟ್ಟು, "ಆರರೊಳಗೆ ನಿಲ್ಸು ಮಗಾ," ಎಂದರು. "ದಾಟಿದ್ರೆ ಆ ತೆರಿಗೆ ಫುಲ್ಕ್ ದೊರೆ ತನ್ನ ಗಂಟಿಂದ ಕೊಡ್ತಾನಾ? ಚರ್ಚಿನ ಪಾಲಲ್ಲಿ ನಾನು ಕಣ್ಣುಮುಚ್ಚಿ ಬಿಟ್ಟಿರೋ ಮೊಟ್ಟೆ, ಕುರಿಮರಿ ಎಲ್ಲಾ ಅವನ ಆಳುಗಳು ಮನೆಮನೆಗೆ ನುಗ್ಗಿ ಕಿತ್ಕೊಂಡು ಬರ್ತಾರೆ."

ನಮ್ಮೂರ ಒಡೆಯ ಫುಲ್ಕ್ ದೊರೆಯ ಲೆಕ್ಕವೇ ಬೇರೆ. ಚರ್ಚಿಗೆ ಪಾದ್ರಿಯನ್ನು ಆರಿಸುವ ಹಕ್ಕನ್ನು ಅವರು ಮಗಳ ಮದುವೆಗೆ ಬಳುವಳಿ ಕೊಡುತ್ತಾರಂತೆ. ಬಡ ಚರ್ಚಿನ ಬಳುವಳಿ ಯಾವ ಬೀಗರಿಗೆ ಬೇಕು? ಅದಕ್ಕೇ ಅವರಿಗೆ ಆರು ದಾಟಲೇಬೇಕು. ನನ್ನ ಕುತ್ತಿಗೆ ಅವರ ಕೈಯಲ್ಲಿದೆ. ಅವರ ತಮ್ಮನಿಗೆ ನಾನು ಮದುವೆಯಿಲ್ಲದೆ ಹುಟ್ಟಿದವನೆಂದು ಬಿಷಪ್ಪರಿಗೆ ಗೊತ್ತಾದರೆ ಚರ್ಚೂ ಹೋಯಿತು, ಓದೂ ಹೋಯಿತು. "ನಿಂಗೆ ತಾಯೇ ಇಲ್ಲ ಅಂದ್ಕೋ," ಎಂದು ಅವರು ಬೆನ್ನು ತಟ್ಟಿ ಕಳಿಸಿದ್ದು ನಿನಗೆ ಗೊತ್ತೇ ಇದೆ.

ಇವತ್ತು ಬೆಳಿಗ್ಗೆ ಚರ್ಚುಗಳ ಬೆಲೆ ಕಟ್ಟುವ ಗುಮಾಸ್ತನ ಮುಂದೆ ನಿಂತೆ. ಟೋಪಿ ಕಳಚಿ ಕೈಯಲ್ಲಿ ಹಿಡಿದೆ. ದೊರೆಯ ಪಾರುಪತ್ಯಗಾರ ಟರ್ಸ್ಟನ್ ಒಂದೊಂದೇ ಹೇಳಿದ: ಧಾನ್ಯ, ಉಣ್ಣೆ, ಹಬ್ಬದ ಕಾಣಿಕೆ. ಆರರೊಳಗೇ ಇತ್ತು. ನನಗೆ ಉಸಿರು ಬಂತು.

ಆಗ ಗುಮಾಸ್ತ, "ಸಾವಿನ ಪ್ರಾಣಿಗಳು?" ಎಂದ.

ಸತ್ತವರ ಮನೆಯ ಎಲ್ಲಕ್ಕಿಂತ ಒಳ್ಳೆಯ ಪ್ರಾಣಿ ದೊರೆಗೆ, ಎರಡನೆಯದು ಚರ್ಚಿಗೆ, ಅಂದರೆ ನನಗೆ. ಅದನ್ನು ನಾನು ಯೋಚಿಸಿಯೇ ಇರಲಿಲ್ಲ.

"ಎರಡು ಕುರಿ," ಎಂದ ಟರ್ಸ್ಟನ್. "ಆಮೇಲೆ ಹೋದ ವಾರ ಒಂದು ಹಸು. ಎಳೇ ಹಸು, ಬುದ್ಧೀ. ಒಳ್ಳೆ ಬೆಲೆಗೇ ಹೋಯ್ತು."

"ಅದೃಷ್ಟವಂತ ಕಣಯ್ಯಾ ನೀನು," ಗುಮಾಸ್ತ ನನ್ನತ್ತ ನೋಡಿ ನಕ್ಕ. "ನಿಮ್ಮೂರೋರು ಒಳ್ಳೇ ಹೊತ್ತು ನೋಡಿ ಸಾಯ್ತಾರೆ."

ಆ ಹಸುವಿನಿಂದ ಆರು ದಾಟಿತು. ಪವಿತ್ರ ಗ್ರಂಥದ ಮೇಲೆ ಕೈಯಿಟ್ಟು, ಇದೇ ನಿಜವಾದ ಬೆಲೆ ಎಂದು ಪ್ರಮಾಣ ಮಾಡಿದೆ. ಇನ್ನು ವರ್ಷವರ್ಷವೂ ನೀವು ತೆರಬೇಕು. ಕೋಳಿಗಳನ್ನು ಒಳಗೆ ಕೂಡಿಕೋ ಅಕ್ಕ. ಆಸ್ಬರ್ಟ್ ಸ್ವಾಮಿ, ಇಲ್ಲಿಗೆ ಓದು ನಿಲ್ಲಿಸಿ ನನ್ನನ್ನು ಬೈದುಬಿಡಿ. ಉಳಿದದ್ದನ್ನು ಆಮೇಲೆ ಓದಿ.

ನಿನ್ನ ಮಕ್ಕಳಿಗೆ ನನ್ನ ಮುತ್ತು. ಈ ಚಳಿಗಾಲದಲ್ಲಿ ದೇವಮಾತೆ ನಿಮ್ಮ ಒಲೆ ಆರದಂತೆ ಕಾಯಲಿ.

ನಿನ್ನ ತಮ್ಮ
ವಾರಿನ್

ಸಹಿ ಹಾಕಿದ ಮೇಲೆ: ಮರೆತದ್ದಲ್ಲ ಅಕ್ಕ, ಮೇಲೆ ಬರೆಯಲು ಕೈ ಬರಲಿಲ್ಲ. ಪ್ರಮಾಣಕ್ಕೆ ಮೊದಲು ಗುಮಾಸ್ತ ಹಸು ಯಾರದೆಂದು ಕೇಳಿದ. "ಗುನ್ನಿಲ್ಡ್ ಅಂತ, ಗಿರಣಿ ಹತ್ರದ ವಿಧವೆ. ಜ್ವರ ಬಂದು ಹೋಗ್ಬಿಟ್ಲು," ಎಂದ ಟರ್ಸ್ಟನ್, ನನ್ನನ್ನೇ ನೋಡುತ್ತ. ನೀನು ಹೇಳಿಕಳಿಸಿದ ಸುದ್ದಿ ಇನ್ನೂ ದಾರಿಯಲ್ಲೇ ಇರಬೇಕು. ಅಮ್ಮ ಹೋದದ್ದು ನನಗೆ ತಿಳಿದದ್ದು ಹೀಗೆ. ಗುಮಾಸ್ತ ಲೇಖನಿ ನಿಲ್ಲಿಸಿ ನನ್ನ ಮುಖ ನೋಡಿದ. "ಏನಯ್ಯಾ, ನಿನಗೆ ಬೇಕಾದೋರಾ?" ಎಂದು ಮೆಲ್ಲಗೆ ಕೇಳಿದ.

"ಇಲ್ಲ," ಎಂದೆ, ಫ್ರೆಂಚಿನಲ್ಲಿ, ಒಂದೂ ತಪ್ಪಿಲ್ಲದೆ. "ಹಳ್ಳಿಯ ಯಾರೋ ಮುದುಕಿ."