ದೇವರ ತಂಬಿಗೆ ತೊಳೆಯುವ ಪಾಳಿ

ಐನಾಪುರ,
ಸೋಮವಾರ, 10-11-2025

ಪ್ರೀತಿಯ ಕೋಮಲಾ,

ಹೇಗಿದ್ದೀಯ? ಕೈಯ ಬಿರುಕು ಮಾಯ್ದವೇ? ನಿಪ್ಪಾಣಿಯಲ್ಲಿ ನಿಮ್ಮವ್ವ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುತ್ತಾರಾ, ಊಟ ಸೇರುತ್ತಾ? ಇಲ್ಲಿ ಅತ್ತಿ ಆರಾಮ ಇದ್ದಾರೆ. ನಿನ್ನ ಗಂಡ ಅಮಿತ ದ್ರಾಕ್ಷಿಗೆ ಔಷಧ ಹೊಡೆಸುವುದರಲ್ಲಿದ್ದಾನೆ, ನಮ್ಮವರು ಕಬ್ಬು ಕಡಿಯುವ ಆಳುಗಳ ಟೋಳಿಯ ಹಿಂದೆ ಓಡಾಡುತ್ತಿದ್ದಾರೆ. ಫೋನ್ ಮಾಡಬಹುದಿತ್ತು. ಆದರೆ ಅತ್ತಿ ಪಕ್ಕದಲ್ಲೇ ಕೂತು ಸ್ಪೀಕರ್ ಹಾಕಿಸುತ್ತಾರೆ, ನಿನಗೇ ಗೊತ್ತಲ್ಲ. ಅದಕ್ಕೇ ಈ ಕಾಗದ.

ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು. ಹಿರಿಸೊಸೆಯಾಗಿ ಬಂದು ಒಂಬತ್ತು ವರ್ಷ ದೇವರ ಜಗಲಿ ಮೇಲಿನ ಪೂಜೆ ಸಾಮಾನು ತೊಳೆದವಳು ನಾನು. ನೀನು ಬಂದ ಮೂರನೇ ತಿಂಗಳಿಗೇ ಅತ್ತಿ, "ಕೆಂಚವ್ವಾ, ಇನ್ನ ಮ್ಯಾಲ ಜಗಲಿ ಕೋಮಲ ನೋಡಕೋತಾಳ, ಆಕಿ ಕೈ ಭಾಳ ಸ್ವಚ್ಛ ಐತಿ" ಅಂದರು. ನನ್ನ ಕೈಗೇನು ಸಗಣಿ ಮೆತ್ತಿತ್ತೇ? ನೀನು ಒಂದು ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ಹನ್ನೊಂದು ಸಲ ತಿಕ್ಕಿದರೆ ಅತ್ತಿ ಬಂದ ಬೀಗರನ್ನೆಲ್ಲ ಕರೆದು ತೋರಿಸುವುದು. ನಾನು ಮೂವತ್ತು ರೊಟ್ಟಿ ಬಡಿದರೆ ಅಂಚು ದಪ್ಪ ಅನ್ನುವುದು. ಒಂದು ದಿನ ಯಾರೂ ಇಲ್ಲದಾಗ ನಾನೂ ಹನ್ನೆರಡು ಸಲ ತೊಳೆಯಲು ಕೂತೆ, ನಿನ್ನನ್ನು ಸೋಲಿಸಲೇಬೇಕೆಂದು. ಐದಕ್ಕೇ ಬೇಸರ ಬಂತು. ಇವಳಿಗಿರುವ ಭಕ್ತಿ ನನಗಿಲ್ಲ ಎಂದು ಕೂತು ಅತ್ತಿದ್ದೆ ಕಣೆ.

ಮಿರಜದ ಡಾಕ್ಟರು ಇದು ಭಕ್ತಿ ಅಲ್ಲ, ಗೀಳು ಕಾಯಿಲೆ ಎಂದಾಗ, ಸುಳ್ಳು ಯಾಕೆ, ಮೊದಲು ಖುಷಿಯಾಯಿತು. ಆಮೇಲೆ ಅವರು ಚೀಟಿಯ ಹಿಂದೆ ನಿನ್ನ ಮಿದುಳಿನ ಚಿತ್ರ ಬರೆದರು. ಕಣ್ಣಿನ ಮೇಲಿರುವ ಮುಂಭಾಗ "ಏನೋ ತಪ್ಪಾಗಿದೆ" ಎಂದು ಒಳಗೆ ಸುದ್ದಿ ಕಳಿಸುತ್ತದಂತೆ. ಒಳಗಿನ ಭಾಗ ಅದನ್ನು ಸೋಸಿ "ಆಯ್ತು, ಸಾಕು" ಅನ್ನಬೇಕು. ನಿನ್ನಲ್ಲಿ ಆ "ಸಾಕು" ಹುಟ್ಟುವುದೇ ಇಲ್ಲ, ಸುದ್ದಿ ಅಲ್ಲೇ ಸುತ್ತುತ್ತಿರುತ್ತದೆ. ಸೆರೊಟೋನಿನ್ ಅನ್ನುವ ರಸಾಯನದ ಏರುಪೇರೂ ಇರಬಹುದು, ಪೂರ್ತಿ ಇನ್ನೂ ಯಾರಿಗೂ ತಿಳಿದಿಲ್ಲ ಎಂದರು. ಮನೆಮಂದಿಯೆಲ್ಲ ಬಗ್ಗಿ ಬಗ್ಗಿ ನೋಡಿದರು. ಅತ್ತಿ ಕಣ್ಣೊರೆಸಿಕೊಂಡರು. ನನಗೆ ಅದಕ್ಕೂ ಹೊಟ್ಟೆ ಉರಿಯಿತು. ಇಷ್ಟು ವರ್ಷದಲ್ಲಿ ನನ್ನ ತಲೆಯೊಳಗೆ ಏನಿದೆ ಎಂದು ಈ ಮನೆಯಲ್ಲಿ ಯಾರಾದರೂ ಕೇಳಿದ್ದಾರೆಯೇ?

ನೀನು ಮಾತ್ರೆ ಬಿಡುತ್ತೇನೆ ಅನ್ನುತ್ತಿದ್ದೀಯೆಂದು ನಿನ್ನೆ ಅಮಿತ ಹೇಳಿದ. ಮೂರು ವಾರವಷ್ಟೇ ಆಗಿದೆ. ಗುಣ ಕಾಣಲು ಹತ್ತು ಹನ್ನೆರಡು ವಾರ ಬೇಕು ಎಂದು ಡಾಕ್ಟರು ನನ್ನ ಎದುರಿಗೇ ಹೇಳಿದ್ದಾರೆ. ಬಿಡಬೇಡ. ಜಗಲಿ ಈಗ ಮತ್ತೆ ನನ್ನ ಕೈಗೆ ಬಂದಿದೆ. ಬೇಡಿ ಬೇಡಿ ಸಿಕ್ಕಿದ್ದು, ಆದರೂ ತಿಕ್ಕುವಾಗ ಸಮಾಧಾನ ಇಲ್ಲ.

ನಿಮ್ಮ ಅವ್ವ ಅಪ್ಪಗೆ ನನ್ನ ಶರಣು ಹೇಳು. ನಿನಗೆ ಬೇಗ ಗುಣವಾಗಲಿ, ತಾಯಿ.

ನಿನ್ನ ಅಕ್ಕ,
ಕೆಂಚವ್ವ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. "ನನ್ನ ಕಣ್ಣ ನನಗ ಸುಳ್ಳ ಹೇಳತಾವ, ಅಕ್ಕನ ಮಾತಷ್ಟ ನಂಬತೀನಿ, ಇಂಥಾ ತಲಿ ಮಾತ್ರೆಗೆ ರಿಪೇರಿ ಆಗೂದಿಲ್ಲ" ಎಂದು ಮೊನ್ನೆ ಮತ್ತೆ ತೋರಿಸಲು ಹೋದಾಗ ಡಾಕ್ಟರ ಮುಂದೆ ಹೇಳಿದೆಯಂತೆ, ಅದನ್ನೂ ಅಮಿತ ಹೇಳಿದ. ಕೋಮಲಾ, ನೀನು ತಂಬಿಗೆ ತೊಳೆದು ತಂದು "ಅಕ್ಕಾ, ಸ್ವಚ್ಛ ಆತೇನ?" ಎಂದಾಗಲೆಲ್ಲ ನಾನು "ಕುತ್ತಿಗಿ ಹತ್ರ ಇನ್ನೂ ಕರಿ ಐತಿ ನೋಡ" ಎನ್ನುತ್ತಿದ್ದೆನಲ್ಲ. ಕರಿ ಇರಲಿಲ್ಲ. ಒಂದು ಸಲವೂ ಇರಲಿಲ್ಲ. ಡಾಕ್ಟರಿಗೆ ಇದನ್ನು ಓದಿಸು.