ಜಾರುವ ಪರದೆ

ಮಾರ್ಚ್ 3, ಸೋಮವಾರ

ಎಂಟಕ್ಕೆ ಲ್ಯಾಬ್. ಟ್ರೇಯಲ್ಲಿನ ಪರೀಕ್ಷೆಯ ಚೀಟಿಗಳನ್ನು ನೋಡಿ ಅರವತ್ತೆರಡು ರಿಪೋರ್ಟ್ ಟೈಪ್ ಮಾಡಿದೆ. ಹೊಸ ಸಾಫ್ಟ್‌ವೇರ್ ಬಂದು ಐದು ದಿನ. ಸೇವ್ ಒತ್ತಿದರೆ ಒಬ್ಬ ರೋಗಿಯ ಪುಟ ಎಡಕ್ಕೆ ಜಾರಿ, ಮುಂದಿನವರದು ಬಲದಿಂದ ತೇಲಿ ಬರುತ್ತದೆ. ಉಳಿದವರಿಗೆ ಚೆಂದ. ನನಗೆ ಕುರ್ಚಿಯೂ ಜೊತೆಗೇ ಜಾರುತ್ತದೆ. ಕಿವಿಯ ಸೋಂಕು ಹೋದರೂ ತಲೆಸುತ್ತು ಹೋಗಿಲ್ಲ. ಎರಡು ಸಲ ವಾಂತಿ — ಸದ್ದು ಕೇಳದಂತೆ ನಲ್ಲಿ ಪೂರ್ತಿ ತಿರುಗಿಸಿ.

ಮನೆಯಲ್ಲಿ ಗೋಡೆ ಹಿಡಿದು ನಡೆಯುವುದನ್ನು ಮಗಳು ನೋಡಿದಳು.

"ಅಮ್ಮಾ, ಹಡಗಲ್ಲಿದ್ದೀಯಾ ಹೇಗೆ? ಡಾಕ್ಟರ್ ಲೆಟರ್ ಕೊಟ್ರಲ್ಲ, ಆಫೀಸಲ್ಲಿ ತೋರಿಸಿದ್ಯಾ?"

"ತೋರಿಸ್ತೀನಿ."

ಮಾರ್ಚ್ 4

ಸೆಟ್ಟಿಂಗ್ಸ್‌ನಲ್ಲಿ 'ಅನಿಮೇಷನ್ ಎಫೆಕ್ಟ್ಸ್' ಅಂತ, ಪುಟ ಜಾರುವುದನ್ನು ನಿಲ್ಲಿಸುವ ಒಂದು ಸ್ವಿಚ್ ಇದೆ. ಬೂದು ಬಣ್ಣ. ಒತ್ತಿದರೆ ಮಿಸುಕುವುದಿಲ್ಲ. ಇದು ಸಂಸ್ಥೆಯ ಹತೋಟಿಯಲ್ಲಿದೆ ಅಂತ ಕೆಳಗೆ ಸಣ್ಣಕ್ಷರ. ಸಿಸ್ಟಮ್‌ನವರನ್ನು ಕೇಳಿದೆ.

"ಎಲ್ಲಾ ಮೆಷಿನ್‌ಗೂ ಒಂದೇ ಸೆಟ್ಟಿಂಗ್ ಮೇಡಂ. ನಿಮಗೆ ಬಿಟ್ರೆ ನಾಳೆ ಇನ್ನೊಬ್ರು ಸ್ಕ್ರೀನ್ ಮೇಲೆ ಮೊಮ್ಮಗನ ಫೋಟೋ ಬೇಕು ಅಂತಾರೆ. ಏನಾಗ್ತಿದೆ ನಿಮಗೆ?"

"ಏನಿಲ್ಲ. ನಿಧಾನ ಅನ್ನಿಸ್ತು."

"ಅದಕ್ಕೆಲ್ಲ ಆಗಲ್ಲ. ಆರೋಗ್ಯದ ಕಾರಣ ಇದ್ರೆ ಲ್ಯಾಬ್ ಮೇಡಂ ಸಹಿ ಹಾಕ್ಸಿ. ಒಂದು ನಿಮಿಷದ ಕೆಲಸ."

ಈ ತಿಂಗಳ ಕೊನೆಗೆ ನನ್ನ ಕಾಂಟ್ರ್ಯಾಕ್ಟ್ ಮುಂದುವರಿಸಬೇಕಾದವರೂ ಅದೇ ಮೇಡಂ. ಹೋದ ವರ್ಷ ಬೆನ್ನುನೋವು ಅಂದವಳನ್ನು ಮುಂದುವರಿಸಲಿಲ್ಲ. ಅದೇ ಕಾರಣವೋ, ನಾನು ಕಟ್ಟಿಕೊಂಡ ಕಥೆಯೋ? ಮನೆಗೆ ಬರುವ ಸಂಬಳ ಇದೊಂದೇ. ಲೆಟರ್ ಬ್ಯಾಗಿನಲ್ಲೇ ಉಳಿಯಿತು.

ಮಾರ್ಚ್ 6

ಉಪಾಯ ಸಿಕ್ಕಿತು. ಸೇವ್ ಒತ್ತಿ ಕಣ್ಣು ಮುಚ್ಚುವುದು. ಒಂದು, ಎರಡು. ತೆರೆದರೆ ಪುಟ ನಿಂತಿರುತ್ತದೆ. ಇಂದು ವಾಂತಿ ಇಲ್ಲ.

ಮೇಡಂ ಬೆನ್ನ ಹಿಂದೆ ನಿಂತಿದ್ದರು. "ಧ್ಯಾನ ಮಾಡ್ತಿದ್ದೀರೇನ್ರಿ?"

"ಕಣ್ಣು ಉರಿ ಮೇಡಂ."

"ನಮಗೂ ಕಲಿಸಿ. ಮೊದಲು ಆ ಟ್ರೇ ಖಾಲಿ ಮಾಡಿ."

ಮಾರ್ಚ್ 11

ತೊಂಬತ್ತು ರಿಪೋರ್ಟ್. ಈಗೀಗ ಕಣ್ಣು ತೆರೆಯುವ ಮೊದಲೇ ಬೆರಳು ಅಂಕಿ ಹೊಡೆಯಲು ಶುರುಮಾಡುತ್ತದೆ. ಪುಟದ ಮೇಲಿನ ಹೆಸರು ನೋಡುತ್ತಿದ್ದೇನೆಯೇ? ನೋಡುತ್ತಿದ್ದೇನೆ ಅಂದುಕೊಂಡೆ. ಹೆಚ್ಚು ಕೆದಕಲಿಲ್ಲ.

ಮಾರ್ಚ್ 13, ಮಧ್ಯಾಹ್ನ 2.50

ಕೊನೆಗೆ ಉಳಿದ ಚೀಟಿಯಲ್ಲಿ ಒಂದು ಹೆಸರು, ಪರದೆಯಲ್ಲಿ ಇನ್ನೊಂದು. ಒಂದೊಂದೇ ಪುಟ ಹಿಂದಕ್ಕೆ ತೆರೆದು ನೋಡಿದೆ.

ಬೆಳಿಗ್ಗೆ ಸಾಲಿನ ನಡುವೆ ಒಂದು ಅರ್ಜೆಂಟ್ ಪುಟ ತೂರಿ ಬಂದು, ಅಲ್ಲಿದ್ದ ಪುಟವನ್ನು ಸಾಲಿನ ಕೊನೆಗೆ ತಳ್ಳಿದೆ. ಕಣ್ಣು ಮುಚ್ಚಿದ್ದೆ. ಟ್ರೇಯಲ್ಲಿದ್ದ ಮುಂದಿನ ಚೀಟಿಯ ಅಂಕಿಗಳನ್ನೇ ಅದಕ್ಕೆ ಹಾಕಿ ವಾರ್ಡಿಗೆ ಕಳಿಸಿದ್ದೇನೆ — 11.20ಕ್ಕೆ. ಹನ್ನೆರಡನೇ ಬೆಡ್, ಕಿಡ್ನಿ ರೋಗಿ, ಹೆಂಗಸು. ಅವರ ಚೀಟಿಯಲ್ಲಿ ಪೊಟ್ಯಾಸಿಯಂ 6.9. ಹೃದಯ ನಿಲ್ಲಿಸಬಲ್ಲ ಅಂಕಿ. ನಾನು ಕಳಿಸಿದ್ದು 4.1. ನಾರ್ಮಲ್.

ಸದ್ದಿಲ್ಲದೆ ತಿದ್ದಿಬಿಡಬಹುದು. ಯಾರಿಗೂ ಗೊತ್ತಾಗುವುದಿಲ್ಲ. ಆದರೆ ವಾರ್ಡಿನಲ್ಲಿ ಒಮ್ಮೆ ನೋಡಿದ ರಿಪೋರ್ಟನ್ನು ಮತ್ತೆ ಯಾರು ತೆರೆಯುತ್ತಾರೆ... ಇಷ್ಟು ಬರೆಯುವಷ್ಟು ಹೊತ್ತು ಯಾಕೆ ಕೂತಿದ್ದೇನೆ?

2.58

ಫೋನ್ ಮಾಡಿದೆ.

"ಸಿಸ್ಟರ್, ಲ್ಯಾಬಿಂದ. ಹನ್ನೆರಡನೇ ಬೆಡ್ಡಿನವರ ರಿಪೋರ್ಟ್ ತಪ್ಪು. ಪೊಟ್ಯಾಸಿಯಂ ಆರು ಪಾಯಿಂಟ್ ಒಂಬತ್ತು."

"ನಾಲ್ಕು ಪಾಯಿಂಟ್ ಒಂದು ಅಂತ ನೀವೇ ಕಳ್ಸಿದ್ದೀರಲ್ಲ."

"ನಾನೇ. ನೋಡದೆ ಟೈಪ್ ಮಾಡ್ದೆ."

ಆ ಕಡೆ ಹಾಳೆ ತಿರುವಿದ ಸದ್ದು.

"ಆಗಿಂದ ಎದೆ ಒಂಥರಾ ಆಗ್ತಿದೆ ಅಂತಿದ್ರು. ಗ್ಯಾಸ್ ಇರ್ಬೇಕು ಅಂದ್ವಿ. ಲೈನಲ್ಲೇ ಇರಿ."

3.02

ಲೈನಿನಲ್ಲಿದ್ದೇನೆ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ. ಮೇಡಂ ಎದುರಿಗೇ ನಿಂತಿದ್ದಾರೆ, ಎಲ್ಲ ಕೇಳಿಸಿಕೊಂಡರು. ಆ ಕಡೆ ಓಡುವ ಹೆಜ್ಜೆ, ಮಂಚದ ಗಾಲಿ. ಯಾರೋ ರೋಗಿಯ ಹೆಸರು ಹಿಡಿದು ಕೂಗುತ್ತಿದ್ದಾರೆ. ಮತ್ತೆ. ಇನ್ನೂ ಜೋರಾಗಿ. ಓ ಅನ್ನಿ ತಾಯಿ, ಒಂದೇ ಒಂದು ಸಲ. ಮತ್ತೆ ಕೂಗಿದರು. ಈಗ —